ಕನ್ನಡಿಯೋ, ಕೈಕಟ್ಟೋ: ಪಾರ್ಶ್ವವಾಯುವಿನ ನಂತರ ಬಲಗೈಗೆ ಮಾಡಿದ ಎರಡು ವ್ಯಾಯಾಮಗಳು

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ದಲ್ಲಾಳಿ ಅಂಗಡಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಮೆಕ್ಕೆಜೋಳದ ಲೆಕ್ಕ ಬರೆದ ನನ್ನ ಬಲಗೈ ಕಳೆದ ಕಾರ್ತಿಕದಲ್ಲಿ ಪಾರ್ಶ್ವವಾಯುವಿಗೆ ಸಿಕ್ಕಿತು. ಮಾತು ಹೋಗಲಿಲ್ಲ, ಕಾಲು ಒಂದು ತಿಂಗಳೊಳಗೆ ನಡೆಯುವಷ್ಟು ಸುಧಾರಿಸಿತು, ಕೈ ಮಾತ್ರ ಮುಷ್ಟಿ ಬಿಗಿದುಕೊಂಡು ಎದೆಯ ಬಳಿ ಉಳಿಯಿತು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟು ನಾನು ಮನೆಯಲ್ಲಿ ಮುಂದುವರಿಸಿದ ಕ್ರಮಗಳಲ್ಲಿ ಎರಡನ್ನು, ಅಂದರೆ ಕನ್ನಡಿಯ ಮುಂದಿನ ವ್ಯಾಯಾಮವನ್ನೂ ಒಳ್ಳೆಯ ಕೈಯನ್ನು ಕಟ್ಟಿ ಮಾಡುವ ವ್ಯಾಯಾಮವನ್ನೂ, ಇಲ್ಲಿ ಎದುರುಬದುರಾಗಿ ಇಟ್ಟು ನೋಡುತ್ತೇನೆ.

ನೋಡಲು ಬಂದವರೆಲ್ಲ ಹೇಳಿದ ರಬ್ಬರ್ ಚೆಂಡಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಬೆರಳು ಮಡಚುವುದು ನನಗೆ ಬೇಡವೆಂದರೂ ಬರುತ್ತಿತ್ತು, ಬಾರದಿದ್ದುದು ಬಿಚ್ಚುವುದು. ಹಾಗಾಗಿ ಚೆಂಡು ಹಿಸುಕಿದ್ದರಿಂದ ನನಗೆ ಏನೂ ದಕ್ಕಲಿಲ್ಲ. ಬಾಗಿಲಿಗೆ ರಾಟೆ ಕಟ್ಟಿ, ಒಳ್ಳೆಯ ಕೈಯಿಂದ ಹಗ್ಗ ಜಗ್ಗಿ ಕೆಟ್ಟ ಕೈಯನ್ನು ಮೇಲೆತ್ತುವುದನ್ನೂ ಯಾರನ್ನೂ ಕೇಳದೆ ಒಂದು ವಾರ ಮಾಡಿ ಭುಜದ ನೋವು ತಂದುಕೊಂಡೆ. ಸ್ನಾಯುಗಳ ಹಿಡಿತ ತಪ್ಪಿದ ಭುಜದ ಕೀಲನ್ನು ರಾಟೆಯಿಂದ ತಲೆಯ ಮೇಲಕ್ಕೆ ಎಳೆಯಬಾರದೆಂದು ಚಿಕಿತ್ಸಾ ಮಾರ್ಗಸೂಚಿಗಳೇ ಹೇಳುತ್ತವೆ ಎಂಬುದು ಆಮೇಲೆ ತಿಳಿಯಿತು.

ಕನ್ನಡಿಯ ಕ್ರಮದ ಮೂಲ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಅವರದು. ಕತ್ತರಿಸಿಹೋದ ಕೈಯಲ್ಲಿಯೇ ನೋವು ಕಾಣುವ ರೋಗಿಗಳಿಗಾಗಿ 1990ರ ದಶಕದಲ್ಲಿ ಅವರು ರೂಪಿಸಿದ ಈ ಉಪಾಯವನ್ನು ಪಾರ್ಶ್ವವಾಯುವಿಗೆ ಬಳಸಿದ ಪ್ರಯೋಗವೊಂದು 1999ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೇಜಿನ ಮೇಲೆ ಎದೆಯ ನಡುವಿನ ನೇರಕ್ಕೆ, ಮುಖ ಎಡಗೈಯ ಕಡೆಗಿರುವಂತೆ ಕನ್ನಡಿಯನ್ನು ಅಡ್ಡಗೋಡೆಯ ಹಾಗೆ ನಿಲ್ಲಿಸಿ, ಬಲಗೈಯನ್ನು ಅದರ ಹಿಂದೆ ಮರೆಮಾಡಿ, ಎಡಗೈಯ ಬೆರಳುಗಳನ್ನು ನಿಧಾನವಾಗಿ ಬಿಚ್ಚಿ ಮಡಚುತ್ತ ಪ್ರತಿಬಿಂಬವನ್ನೇ ನೋಡಬೇಕು. ಬಲಗೈಯೂ ಅದನ್ನೇ ಮಾಡಲು ಯತ್ನಿಸಬೇಕು. ಕ್ಷೌರದ ಕನ್ನಡಿ ಇದಕ್ಕೆ ಸಾಲದು. ಫೋಟೊಗೆ ಕಟ್ಟು ಹಾಕುವ ಅಂಗಡಿಯಲ್ಲಿ ಒಂದೂವರೆ ಅಡಿಯ ಕನ್ನಡಿಗೆ ಚೌಕಟ್ಟು ಹಾಕಿಸಿ ತಂದರೂ ಮೊದಲ ಮೂರು ದಿನ ಅದು ನನ್ನ ಬಲಗೈ ಎಂದು ಮನಸ್ಸು ಒಪ್ಪಲಿಲ್ಲ. ಎಡಗೈಯಲ್ಲಿದ್ದ ಗಡಿಯಾರವನ್ನೂ ಉಂಗುರವನ್ನೂ ತೆಗೆದಿಟ್ಟ ಮೇಲೆ ಒಪ್ಪಿತು. ದಿನಕ್ಕೆ ಎರಡು ಬಾರಿ, ಅರ್ಧರ್ಧ ಗಂಟೆ, ಆರು ವಾರ ಮಾಡಿದೆ. ಶ್ರಮವಿಲ್ಲ, ನೋವಿಲ್ಲ, ಮನೆಯವರಿಗೆ ತೊಂದರೆಯೂ ಇಲ್ಲ. ಆದರೆ ಬೇಸರ ವಿಪರೀತ, ಗಮನ ಬೇರೆಡೆಗೆ ಹೋದರೆ ಆ ಅರ್ಧ ಗಂಟೆ ವ್ಯರ್ಥ.

ಲೆಕ್ಕದವನಾದ್ದರಿಂದ ಒಂದು ಅಳತೆಯನ್ನು ಇಟ್ಟುಕೊಂಡಿದ್ದೆ: ಎರಡು ನಿಮಿಷದಲ್ಲಿ ತಟ್ಟೆಯಿಂದ ಲೋಟಕ್ಕೆ ಬಲಗೈ ಎಷ್ಟು ಮೆಕ್ಕೆಜೋಳದ ಕಾಳು ಹಾಕುತ್ತದೆ ಎಂಬುದು. ಕನ್ನಡಿಗೆ ಮೊದಲು ಸೊನ್ನೆ. ಆರು ವಾರದ ಕೊನೆಗೆ ಮೂರು. ಹಿಡಿದ ಲೋಟವನ್ನು ಬಿಡುವಷ್ಟು ಬೆರಳು ಬಿಚ್ಚುತ್ತಿದ್ದವು. ಆದರೆ ಈ ಜಮೆಯನ್ನೆಲ್ಲ ಕನ್ನಡಿಯ ಖಾತೆಗೆ ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಮೊದಲ ಮೂರು ತಿಂಗಳಲ್ಲಿ ಮಿದುಳು ತಾನಾಗಿಯೂ ಸಾಕಷ್ಟು ಚೇತರಿಸಿಕೊಳ್ಳುತ್ತದೆ.

ಕೈಕಟ್ಟಿನ ಕ್ರಮದ ಹಿಂದೆ ಎಡ್ವರ್ಡ್ ಟಾಬ್ ಎಂಬ ಮನೋವಿಜ್ಞಾನಿಯ ಕೋತಿಗಳ ಪ್ರಯೋಗವಿದೆ. ಒಂದು ಕೈಯ ಸಂವೇದನೆಯ ನರ ಕತ್ತರಿಸಿದಾಗ ಕೋತಿ ಆ ಕೈಯನ್ನು ಬಳಸುವುದನ್ನೇ ಬಿಡುತ್ತಿತ್ತು. ಒಳ್ಳೆಯ ಕೈಯನ್ನು ಕಟ್ಟಿಹಾಕಿದರೆ ಮತ್ತೆ ಬಳಸುತ್ತಿತ್ತು. ನನ್ನ ಸ್ಥಿತಿಯೂ ಅದೇ ಆಗಿತ್ತು. ಎಡಗೈಯಲ್ಲಿ ಉಣ್ಣಲು ನಾಚಿ ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದವನು, ಮನೆಯೊಳಗೆ ಮಾತ್ರ ಎಡಗೈಯಲ್ಲಿ ಚಮಚ ಹಿಡಿದು ನೆಮ್ಮದಿಯಾಗಿ ಉಣ್ಣುತ್ತಿದ್ದೆ, ಬಲಗೈಗೆ ಬಂದಿದ್ದ ಅಷ್ಟಿಷ್ಟು ಚಲನೆಯೂ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು.

2006ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ, ಪಾರ್ಶ್ವವಾಯುವಾಗಿ ಮೂರರಿಂದ ಒಂಬತ್ತು ತಿಂಗಳಾಗಿದ್ದ 222 ಮಂದಿ ಭಾಗವಹಿಸಿದ್ದರು. ಕೈಕಟ್ಟಿನ ಗುಂಪಿನವರು ಎರಡು ವಾರ, ಎಚ್ಚರವಿರುವ ಹೊತ್ತಿನ ಶೇ. 90ರಷ್ಟು ಕಾಲ ಒಳ್ಳೆಯ ಕೈಗೆ ಗವಸು ಹಾಕಿಕೊಳ್ಳಬೇಕಿತ್ತು. ಹಾಗೆಯೇ ಮಾಡಲು ಹೊರಟು ಮೂರನೇ ದಿನಕ್ಕೆ ಕೈಬಿಟ್ಟೆ. ಸೊಸೆ ಹಳೆಯ ಟವೆಲ್ಲಿನಿಂದ ಹೊಲಿದುಕೊಟ್ಟ ಚೀಲದೊಳಗೆ ಮಾರ್ಚ್ ತಿಂಗಳ ಸೆಕೆಗೆ ಕೈ ಬೆವೆತು ತೊಯ್ಯುತ್ತಿತ್ತು, ಪಂಚೆ ಉಡಲೂ ಇನ್ನೊಬ್ಬರು ಬೇಕಾಗಿ ಮನೆಮಂದಿಯ ಮೇಲೆಲ್ಲ ಸಿಡುಕಿದೆ. ಆಮೇಲೆ ಅದನ್ನು ಬೆಳಗಿನ ಹೊತ್ತಿನ ಮೂರು ತಾಸಿಗಷ್ಟೇ ಇಳಿಸಿಕೊಂಡೆವು. ಸ್ನಾನ, ಮೆಟ್ಟಿಲು, ಒಲೆಯ ಹತ್ತಿರದ ಕೆಲಸದ ಹೊತ್ತಿನಲ್ಲಿ ಚೀಲ ಹಾಕುತ್ತಿರಲಿಲ್ಲ. ಉಪ್ಪಿಟ್ಟು ಅಂಗಿಯ ಮೇಲೆ ಚೆಲ್ಲಿತು. ಖಾರ ಮಂಡಕ್ಕಿ ಒಳ್ಳೆಯ ಮೇಷ್ಟ್ರಾಯಿತು: ಹಗುರ, ಬಿದ್ದರೂ ಕಲೆಯಾಗದು, ಒಂದೊಂದೇ ಹೆಕ್ಕಬೇಕು, ತಿನ್ನುವ ಆಸೆಯೂ ಜೊತೆಗಿರುತ್ತದೆ. ಎರಡು ವಾರಕ್ಕೆ ಕಾಳು ಹನ್ನೊಂದು, ನಾಲ್ಕು ವಾರಕ್ಕೆ ಹದಿನೇಳು.

ಕಾಳಿನ ಲೆಕ್ಕ ಹಿಡಿದು ಹೇಳುವುದಾದರೆ ಕೈಕಟ್ಟೇ ಮೇಲು. ಆದರೆ ಅದಕ್ಕೊಂದು ಅರ್ಹತೆ ಬೇಕು: ಆ ಪ್ರಯೋಗಕ್ಕೆ ಸೇರಲು ಮಣಿಕಟ್ಟನ್ನು ಹಿಂದಕ್ಕೂ, ಹೆಬ್ಬೆರಳನ್ನೂ ಇನ್ನೆರಡು ಬೆರಳುಗಳನ್ನೂ ಹೊರಕ್ಕೂ ಕನಿಷ್ಠ 10 ಡಿಗ್ರಿ ಚಲಿಸಲು ಬರಬೇಕಿತ್ತು. ಮುಷ್ಟಿಯೇ ಬಿಚ್ಚದ ಡಿಸೆಂಬರಿನಲ್ಲಿ ನನ್ನ ಎಡಗೈಯನ್ನು ಕಟ್ಟಿದ್ದರೆ ಎರಡೂ ಕೈ ಇಲ್ಲದವನಾಗುತ್ತಿದ್ದೆ, ಅಷ್ಟೆ. ಕನ್ನಡಿ ಏನೂ ಚಲಿಸದ ಕೈಯನ್ನೂ ಕೂರಿಸಿಕೊಳ್ಳುತ್ತದೆ, ಅದರ ದೊಡ್ಡ ಗುಣ ಅದು. ಕೈಕಟ್ಟಿಗೆ ಸಮತೋಲ ಸರಿಯಿರುವ ರೋಗಿಯೂ, ಚೆಲ್ಲಿದ್ದನ್ನು ಸುಮ್ಮನೆ ಒರೆಸುವ ಮನೆಯವರೂ ಬೇಕು.

ಎರಡರಿಂದಲೂ ಬಾರದೆ ಉಳಿದದ್ದು ಬರವಣಿಗೆ. ಕಾಳು ಹೆಕ್ಕುವ ಬೆರಳಿಗೆ ಪೆನ್ನು ಹಿಡಿಯುವುದು ತಾನಾಗಿ ಒದಗಲಿಲ್ಲ. ಅದಕ್ಕೆ ಬರೆದೇ ಅಭ್ಯಾಸ ಮಾಡಬೇಕಾಯಿತು. ಬಟ್ಟೆ ಸುತ್ತಿ ದಪ್ಪ ಮಾಡಿದ ಪೆನ್ನಿನಿಂದ ಮೊಮ್ಮಗಳ ಚೌಕದ ಪುಸ್ತಕದಲ್ಲಿ ದಿನಕ್ಕೊಂದು ಪುಟ ಅಂಕಿ ಬರೆಯುತ್ತಿದ್ದೇನೆ. ಒಂದು, ನಾಲ್ಕು, ಏಳು ಓದಲು ಬರುತ್ತವೆ. ಎಂಟು ಇನ್ನೂ ಮುಚ್ಚಿಕೊಳ್ಳುತ್ತಿಲ್ಲ.