ಮಗಳ ತಾಟಿನ ಮುಂದೆ ನಾಲ್ಕು ಉಪಾಯ

ನಮ್ಮ ಮನೆ ಹುಬ್ಬಳ್ಳಿಯ ನವನಗರದಲ್ಲಿದೆ. ಹೆಂಡತಿ ಬೆಳಿಗ್ಗೆ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಕೆಲಸಕ್ಕೆ ಹೋದರೆ ಮರಳುವುದು ಸಂಜೆ. ನನ್ನ ಝೆರಾಕ್ಸ್ ಅಂಗಡಿ ಮನೆಯ ಮುಂಭಾಗದಲ್ಲೇ ಇರುವುದರಿಂದ ಮಗಳಿಗೆ ಮಧ್ಯಾಹ್ನ ಉಣಿಸುವ ಕೆಲಸ ನನ್ನದು. ಮೂರೂವರೆ ವರ್ಷದ ಆಕೆ ಒಪ್ಪುತ್ತಿದ್ದದ್ದು ಐದೇ ಪದಾರ್ಥ: ಬಿಳಿ ಅನ್ನ, ಮೊಸರು, ಕಡಕ್ ರೊಟ್ಟಿ, ಬಾಳೆಹಣ್ಣು, ಬಿಸ್ಕತ್ತು. ಕಾಯಿಪಲ್ಯ ಕಂಡರೆ ತುಟಿಗೆ ಬೀಗ. ಒಂದು ವರ್ಷ ನಾಲ್ಕು ಉಪಾಯ ಹೂಡಿದೆ. ನಾಲ್ಕರಲ್ಲಿ ಮೂರು ನನಗೆ ಸಮಾಧಾನ ಕೊಟ್ಟವು, ಒಂದು ಆಕೆಗೆ ಹಸಿವು ಕೊಟ್ಟಿತು.

ಮೊದಲನೆಯದು ಮೊಬೈಲ್. ಬರೀ ತುತ್ತು ಎಣಿಸುವುದಾದರೆ ಇದನ್ನು ಮೀರಿಸಿದ್ದು ಬೇರೆ ಯಾವುದೂ ಇಲ್ಲ. ಹತ್ತು ನಿಮಿಷದಲ್ಲಿ ಬಟ್ಟಲು ಖಾಲಿ, ಬೇಳೆ ಸಾರು ಕಲಸಿದ ಅನ್ನವೂ ಸಲೀಸಾಗಿ ಇಳಿಯುತ್ತಿತ್ತು. ಆದರೆ ಏನು ತಿಂದೆ ಎಂದು ಕೇಳಿದರೆ ಉತ್ತರವಿಲ್ಲ. ಕಣ್ಣು ಪರದೆಯಲ್ಲಿ, ಬಾಯಿ ಮಾತ್ರ ನನ್ನ ಕೈಯಲ್ಲಿ. ಒಂದು ದಿನ ಕರೆಂಟು ಹೋಗಿ ಚಾರ್ಜ್ ಮುಗಿದಾಗ ಮೊಸರನ್ನವನ್ನೂ, ಅಂದರೆ ಆಕೆಯ ಪ್ರೀತಿಯ ಮೊಸರನ್ನವನ್ನೇ, ತಳ್ಳಿಬಿಟ್ಟಳು. ಈ ವಯಸ್ಸಿನವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೂರು ಹೊತ್ತಿನ ಊಟಕ್ಕೇ ಅದರಲ್ಲಿ ಅರ್ಧ ಗಂಟೆ ಮುಗಿಯುತ್ತಿತ್ತು.

ಎರಡನೆಯದು ಲಂಚ. ಧಾರವಾಡದ ಪಕ್ಕದಲ್ಲಿದ್ದುಕೊಂಡು ಲಂಚಕ್ಕೆ ಪೇಢಾ ಬಿಟ್ಟು ಬೇರೇನು ಹೊಳೆದೀತು? ನಾಲ್ಕು ತುತ್ತು ಮೆಂತ್ಯ ಪಲ್ಯಕ್ಕೆ ಅರ್ಧ ಪೇಢಾ. ಎರಡನೆಯ ವಾರಕ್ಕೆ ದರ ಏರಿತು, ಎರಡು ತುತ್ತಿಗೆ ಒಂದು. ಪೇಢಾ ಬಹುಮಾನವಾದರೆ ಪಲ್ಯ ದಂಡವೇ ಅಲ್ಲವೇ? ಅಷ್ಟು ಲೆಕ್ಕ ಮೂರೂವರೆ ವರ್ಷಕ್ಕೂ ಬರುತ್ತದೆ. ಲಂಚ ನಡೆಯದ ದಿನ ‘ಇನ್ನೊಂದೇ ತುತ್ತು’ ಎಂಬ ಒತ್ತಾಯ. ಆ ಇನ್ನೊಂದೇ ತುತ್ತು ಒಮ್ಮೆ ಹಿಂದಿನ ಎಲ್ಲ ತುತ್ತುಗಳನ್ನೂ ಕರೆದುಕೊಂಡು ನನ್ನ ಅಂಗಿಯ ಮೇಲೆ ಬಂತು. ನಾಲ್ಕರಲ್ಲಿ ಕೆಟ್ಟದ್ದು ಯಾವುದೆಂದು ಕೇಳಿದರೆ ಇದನ್ನೇ ತೋರಿಸುತ್ತೇನೆ. ಮೊಬೈಲಿನಲ್ಲಿ ಆಕೆ ಊಟವನ್ನು ಮರೆಯುತ್ತಿದ್ದಳು, ಇಲ್ಲಿ ಊಟಕ್ಕೆ ಹೆದರತೊಡಗಿದಳು.

ಮೂರನೆಯದು ಬಚ್ಚಿಡುವುದು. ಇದು ನನ್ನ ಅವ್ವನ ಸಲಹೆ. ಗಜ್ಜರಿ, ಸೋರೆಕಾಯಿ ತುರಿದು ತಾಲಿಪಟ್ಟಿನ ಹಿಟ್ಟಿಗೆ ಸೇರಿಸಿದೆವು, ಮೆಂತ್ಯವನ್ನು ಸಣ್ಣಗೆ ಹೆಚ್ಚಿ ಹಾಕಿದೆವು. ಹೊಟ್ಟೆಗೆ ಹೋಯಿತು, ಸುಳ್ಳೇಕೆ. ಆದರೆ ಹಸಿರು ಚುಕ್ಕೆಯೊಂದು ಕಣ್ಣಿಗೆ ಬಿದ್ದ ದಿನ ತಾಲಿಪಟ್ಟು ಎಂಬ ತಾಲಿಪಟ್ಟೇ ಹದಿನೈದು ದಿನ ಮನೆಯಿಂದ ಗಡೀಪಾರಾಯಿತು. ಗಜ್ಜರಿಯನ್ನು ಗಜ್ಜರಿಯೆಂದು ತಿನ್ನಲು ಅದರಿಂದ ಒಂದು ಗೇಣೂ ಮುಂದೆ ಹೋಗಲಿಲ್ಲ. ಈಗಲೂ ಗಜ್ಜರಿ ಹಾಕುತ್ತೇವೆ, ಆದರೆ ಆಕೆಯ ಎದುರೇ ತುರಿದು.

ನಡುವೆ ಹಸಿವಿನ ಟಾನಿಕ್ ಕೇಳಲು ಮಕ್ಕಳ ಡಾಕ್ಟರ ಬಳಿ ಹೋದೆ. ಅವರು ಬಾಟಲಿಯ ಬದಲು ತೂಕದ ನಕ್ಷೆ ತೆಗೆದರು. ಹುಟ್ಟಿದಾಗಿನ ತೂಕ ಮೊದಲ ವರ್ಷದಲ್ಲಿ ಸುಮಾರು ಮೂರು ಪಟ್ಟಾಗುತ್ತದೆ. ಎರಡು ವರ್ಷ ದಾಟಿದ ಮೇಲೆ ವರ್ಷಕ್ಕೆ ಸುಮಾರು 2 ಕೆಜಿ ಏರಿದರೆ ಸಾಕು. ಬೆಳವಣಿಗೆಯ ಓಟ ತಗ್ಗಿದಂತೆ ಹಸಿವೂ ತಗ್ಗುತ್ತದೆ, ಎರಡರಿಂದ ಆರು ವರ್ಷದ ನಡುವೆ ಹೊಸ ತಿನಿಸಿನ ಅಂಜಿಕೆಯೂ ಸಹಜ. ಮಗಳ ಗೆರೆ ನೆಟ್ಟಗೇ ಏರುತ್ತಿತ್ತು. ಡೊಂಕಿದ್ದದ್ದು ನಮ್ಮ ಹಾಲಿನ ಲೆಕ್ಕ: ದಿನಕ್ಕೆ ನಾಲ್ಕು ಲೋಟ, ಹತ್ತಿರ ಹತ್ತಿರ 800 ಮಿಲಿ. 500 ದಾಟಬೇಡಿ ಎಂದರು. ಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ, ಹೊಟ್ಟೆ ಮಾತ್ರ ತುಂಬುತ್ತದೆ.

ನಾಲ್ಕನೆಯ ಉಪಾಯಕ್ಕೆ ದಾರಿ ಸಿಕ್ಕಿದ್ದು ಅಲ್ಲಿಂದ. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳಿದ ಪಾಲು ಹಂಚಿಕೆ ಅದು. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಪಾಲು. ತಿನ್ನಬೇಕೋ ಬೇಡವೋ, ಎಷ್ಟು ಎಂಬುದು ಮಗುವಿನ ಪಾಲು. ಓದುವುದಕ್ಕೆ ಎರಡು ಸಾಲು, ನಡೆಸುವುದಕ್ಕೆ ಎದೆ ಗಟ್ಟಿ ಬೇಕು. ಹಾಲು ಎರಡು ಲೋಟಕ್ಕೆ ಇಳಿಯಿತು, ಬಿಸ್ಕತ್ತಿನ ಡಬ್ಬಿ ಅಟ್ಟ ಸೇರಿತು, ಊಟ ಒಂದೂವರೆಗೆ, ಮನೆಯಲ್ಲಿದ್ದವರೆಲ್ಲ ಒಟ್ಟಿಗೆ ನೆಲದ ಮೇಲೆ. ತಾಟಿನಲ್ಲಿ ಆಕೆಗೆ ಒಗ್ಗುವ ಒಂದು ಪದಾರ್ಥ ಇದ್ದೇ ಇರಬೇಕು, ಉಳಿದದ್ದು ಮನೆಮಂದಿಯ ಅಡುಗೆಯೇ. ಮೊದಲ ಐದು ದಿನ ಆಕೆ ಕಡಕ್ ರೊಟ್ಟಿ, ಮೊಸರು ಬಿಟ್ಟು ಏನನ್ನೂ ಮುಟ್ಟಲಿಲ್ಲ. ‘ಕೂಸನ್ನು ಉಪವಾಸ ಕೆಡವುತ್ತೀಯೇನು?’ ಎಂದು ಅವ್ವ ನನ್ನೊಡನೆ ಮಾತು ಬಿಟ್ಟಳು. ಮೂರನೆಯ ರಾತ್ರಿ ನಾನೇ ಅಟ್ಟದ ಕಡೆ ಏಣಿ ಹಾಕಿದ್ದೆ, ಹೆಂಡತಿ ಇಳಿಸಿದಳು.

ಸುಮ್ಮನೆ ಕುಳಿತು ನೋಡತೊಡಗಿದ ಮೇಲೆ ಗೊತ್ತಾದ ಸಂಗತಿಗಳು ಹಿಂದಿನ ಮೂರು ಉಪಾಯಗಳಲ್ಲಿ ಕಂಡೇ ಇರಲಿಲ್ಲ. ಪಲ್ಯದ ರಸ ರೊಟ್ಟಿಗೆ ತಾಗಿ ಮೆತ್ತಗಾದರೆ ಆಕೆಗೆ ಸಿಟ್ಟು. ಬೇರೆ ಬಟ್ಟಲಿನಲ್ಲಿ ಕೊಟ್ಟರೆ ಇಣುಕಿಯಾದರೂ ನೋಡುತ್ತಾಳೆ. ಇನ್ನೊಂದು, ಖಾರ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ಧೈರ್ಯದಲ್ಲಿ ನಾವು ಕೈ ಬಿಚ್ಚಿ ಹಾಕುತ್ತೇವೆ. ಆ ಕಡಿಮೆಯೂ ಅಷ್ಟು ಸಣ್ಣ ನಾಲಿಗೆಗೆ ಹೆಚ್ಚೇ. ಮಸಾಲೆ ಖಾರ ಬೀಳುವ ಮುನ್ನ ಒಂದು ಸೌಟು ತೆಗೆದಿಡುವುದಕ್ಕೆ ಮನೆಯಲ್ಲಿ ಒಂದು ವರ್ಷ ಯಾರಿಗೂ ಹೊಳೆಯಲಿಲ್ಲ.

ಒಂದೇ ಪದಾರ್ಥವನ್ನು ಒತ್ತಾಯವಿಲ್ಲದೆ ಹತ್ತು ಹದಿನೈದು ಸಲವಾದರೂ ಎದುರಿಗಿಡಬೇಕು ಎಂದಿದ್ದರು ಡಾಕ್ಟರು. ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತ ಬಂದೆ. ಹೆಸರುಕಾಳನ್ನು ಆರನೆಯ ಸಲ ಮೂಸಿದಳು, ಎಂಟನೆಯ ಸಲ ನೆಕ್ಕಿ ಉಗುಳಿದಳು, ಹನ್ನೊಂದನೆಯ ಸಲ ಒಂದೊಂದೇ ಕಾಳು ಎಣಿಸಿ ತಿಂದಳು. ಮೂರನೆಯ ತಿಂಗಳಿಗೆ ಶೇಂಗಾ ಹಿಂಡಿ, ಹಸಿ ಗಜ್ಜರಿ, ನವಲೂರಿನ ಪೇರಲ ಹಣ್ಣು ಸೇರಿ ಐದು ಒಂಬತ್ತಾಯಿತು. ಮೊಬೈಲಿನ ದಿನಗಳಿಗೆ ಹೋಲಿಸಿದರೆ ತುತ್ತು ಈಗಲೂ ಕಡಿಮೆ, ಆದರೆ ತುತ್ತು ಎತ್ತುವ ಕೈ ಆಕೆಯದೇ. ನಷ್ಟವೂ ಇದೆ: ತಾಟಿನಲ್ಲಿ ಉಳಿದದ್ದನ್ನೆಲ್ಲ ಚೆಲ್ಲಲಾರದೆ ತಿಂದು ನನ್ನ ತೂಕ ಏರಿದೆ. ಅದಕ್ಕೆ ಯಾವ ನಕ್ಷೆಯೂ ಇಲ್ಲ.

ಹೆಂಡತಿಯ ಲೆಕ್ಕ ಬೇರೆ. ಹತ್ತೇ ನಿಮಿಷ ಕೈಯಲ್ಲಿರುವ ಬೆಳಿಗ್ಗೆ ಈ ತಾಳ್ಮೆ ನಡೆಯದು, ತಾಲಿಪಟ್ಟೇ ಗತಿ ಎನ್ನುತ್ತಾಳೆ. ಒಪ್ಪುತ್ತೇನೆ. ಆದರೆ ತೂಕ ಇಳಿಯುತ್ತಿದ್ದರೆ, ನುಂಗುವಾಗ ಪದೇ ಪದೇ ಸಿಕ್ಕಿಕೊಂಡರೆ, ಮಣ್ಣು ಅಥವಾ ಬಳಪ ತಿನ್ನುತ್ತಿದ್ದರೆ ನನ್ನ ಹೋಲಿಕೆ ಕೆಲಸಕ್ಕೆ ಬಾರದು. ಅಲ್ಲಿ ರಕ್ತಪರೀಕ್ಷೆಯೂ ಡಾಕ್ಟರೂ ಮೊದಲು.

ಬದನೆಕಾಯಿಯ ಮುಂದೆ ಹತ್ತೊಂಬತ್ತು ಗೀಟು ಬಿದ್ದಿವೆ. ಎಣಗಾಯಿಯ ತೊಟ್ಟು ಹಿಡಿದು ಆಡುತ್ತಾಳೆ, ಆಮೇಲೆ ಅಜ್ಜಿಯ ಬಾಯಿಗೆ ಇಡುತ್ತಾಳೆ. ‘ನೀನು ಹಾಗಲಕಾಯಿ ಮುಟ್ಟಿದ್ದೇ ಮದುವೆಯಾದ ಮೇಲೆ’ ಎಂದು ಅವ್ವ ಮೊನ್ನೆ ಎಲ್ಲರೆದುರು ನೆನಪಿಸಿದಳು. ಇಪ್ಪತ್ತನೆಯ ಗೀಟು ಹಾಕಲಿಲ್ಲ.