ಒಂಬತ್ತನೇ ವಾರದ ಬಸಿರು, ಎರಡೂವರೆ ವರ್ಷದ ಮಗಳು ಮತ್ತು ಸಿಂಗಾಪುರದ ರೈಲು

ಸಿಂಗಾಪುರದ ಮೆಟ್ರೋ ರೈಲಿಗೆ, ಅಂದರೆ ಅಲ್ಲಿಯವರು ಎಮ್‌ಆರ್‌ಟಿ ಅಂತ ಕರೆಯುವ ವ್ಯವಸ್ಥೆಗೆ, ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಇದು ಎಲ್ಲರ ಪರವಾಗಿ ಕೊಡುವ ಅಂಕ ಅಲ್ಲ. ಹೊಟ್ಟೆ ಇನ್ನೂ ಕಾಣುತ್ತಿಲ್ಲ, ಆದರೆ ಬೆಳಗಿನಿಂದ ರಾತ್ರಿವರೆಗೆ ವಾಕರಿಕೆ, ಜೊತೆಗೆ ಕೈ ಹಿಡಿದು ಎಳೆಯುವ ಪುಟ್ಟ ಮಗು. ಅಂಥ ಹೆಂಗಸಿನ ಕಡೆಯಿಂದ ಕೊಡುತ್ತಿರುವ ಅಂಕ. ಟಿಕೆಟ್ ಆಗಲೇ ಬುಕ್ ಆಗಿದೆ, ಹೋಗೋದಾ ಬೇಡ್ವಾ ಅಂತ ಯೋಚಿಸುತ್ತಾ ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ತಮ್ಮ ಸಿಂಗಾಪುರದ ಸೆಂಗ್‌ಕಾಂಗ್‌ನಲ್ಲಿದ್ದಾನೆ. ಅವನ ಮಗುವಿನ ನಾಮಕರಣಕ್ಕೆ ಹೋಗಬೇಕು ಅಂತ ಟಿಕೆಟ್ ತೆಗೆದ ಮೇಲೆ ನನಗೆ ಗೊತ್ತಾಗಿದ್ದು. ಅಮ್ಮ ಕೇಳಿದ ತಕ್ಷಣ ಬೇಡ ಅಂದರು. "ಮೂರು ತಿಂಗಳು ತುಂಬಲಿ, ಆಮೇಲೆ ಎಲ್ಲಿಗಾದರೂ ಹೋಗು." ಡಾಕ್ಟರ್ ಸ್ಕ್ಯಾನ್ ಮಾಡಿದರು, ಮಗುವಿನ ಎದೆಬಡಿತ ಕೇಳಿಸಿದರು. ಸಾಮಾನ್ಯವಾಗಿ 14ರಿಂದ 28 ವಾರದ ನಡುವೆ ಪ್ರಯಾಣ ಹೆಚ್ಚು ಆರಾಮ, ಆದರೆ ರಕ್ತಸ್ರಾವ, ಹೊಟ್ಟೆನೋವು ಏನೂ ಇಲ್ಲದಿದ್ದರೆ ಈಗಲೂ ಹೋಗಬಹುದು ಅಂದರು. ಮಾತ್ರೆ ಬರೆದುಕೊಟ್ಟರು. ಒಂದು ಚೀಟಿಯಲ್ಲಿ ಎಷ್ಟನೇ ವಾರ, ರಕ್ತದ ಗುಂಪು ಯಾವುದು, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಲ್ಲ ಬರೆದು ಸಹಿ ಹಾಕಿದರು. ಸುಮಾರು ಏರ್‌ಲೈನ್ಸ್‌ನವರು 28 ವಾರದವರೆಗೆ ಪತ್ರ ಕೇಳುವುದಿಲ್ಲ. ಆದರೂ ಆ ಚೀಟಿ ಪರ್ಸ್‌ನಲ್ಲಿ ಇದ್ದರೆ ಧೈರ್ಯ. ನೀವೂ ಬರೆಸಿಕೊಳ್ಳಿ.

ನನ್ನ ಗಂಡನಿಗೆ ರಜೆ ಸಿಕ್ಕಿದ್ದು ನಾಮಕರಣದ ಹೊತ್ತಿಗೆ ಮಾತ್ರ. ಹೀಗಾಗಿ ಮೊದಲು ಹೊರಟಿದ್ದು ನಾನು, ಮಗಳು ಇಬ್ಬರೇ.

ವಿಮಾನದ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಬೆಂಗಳೂರಿನಿಂದ ನೇರ ವಿಮಾನ, ಹೆಚ್ಚುಕಮ್ಮಿ ನಾಲ್ಕೂವರೆ ಗಂಟೆ. ಟಾಯ್ಲೆಟ್ ಹತ್ತಿರದ, ಓಡಾಡುವ ದಾರಿಯ ಪಕ್ಕದ ಸೀಟು ಮೊದಲೇ ಆರಿಸಿಕೊಂಡಿದ್ದೆ. ಊಟದ ಟ್ರೇ ತೆರೆದಾಗ ಬರುವ ವಾಸನೆ ನನಗೆ ಆಗಲಿಲ್ಲ. ಮನೆಯಿಂದ ತಂದ ಒಣ ಮಂಡಕ್ಕಿ ತಿಂದು, ನಿಂಬೆಹಣ್ಣು ಮೂಸುತ್ತಾ ಕೂತೆ. ಮಗಳು ನಿದ್ದೆ ಮಾಡಿದಳು. ಅಷ್ಟೇ.

ಹಾಂ, ಒಂದು ಮುಖ್ಯ ವಿಷಯ. ನಾಮಕರಣದ ಪಾಯಸಕ್ಕೆ ಅಂತ ಅಮ್ಮ ಅರ್ಧ ಕೇಜಿ ಗಸಗಸೆ ಕಟ್ಟಿಟ್ಟಿದ್ದರು. ಸಿಂಗಾಪುರದಲ್ಲಿ ಗಸಗಸೆ ನಿಷಿದ್ಧ. ಮಾದಕ ವಸ್ತು ತಡೆಯುವ ಇಲಾಖೆಯೇ ಅದನ್ನು ನೋಡಿಕೊಳ್ಳುತ್ತದೆ. ದಯವಿಟ್ಟು ಒಂದು ಚಮಚವೂ ಬೇಡ, ಮಸಾಲೆ ಪುಡಿಯಲ್ಲಿ ಹಾಕಿದ್ದರೂ ತೆಗೆದಿಡಿ. ಬಸಿರಿ ಅಂತ ಪ್ರೀತಿಯಿಂದ ಕಟ್ಟಿಕೊಡುವ ಡಬ್ಬಿಗಳಲ್ಲಿ ಇದು ಸೇರಿಕೊಂಡುಬಿಡುತ್ತದೆ.

ಈಗ ರೈಲಿಗೆ ಬರುತ್ತೇನೆ.

ಮೊದಲ ತಿಂಗಳುಗಳ ಕಷ್ಟ ಏನು ಅಂದರೆ, ನೋಡಿದವರಿಗೆ ಏನೂ ಕಾಣುವುದಿಲ್ಲ. ಏಳನೇ ತಿಂಗಳಲ್ಲಿ ಹೊಟ್ಟೆ ನೋಡಿ ಜನ ತಾವಾಗಿ ಎದ್ದು ಜಾಗ ಬಿಡುತ್ತಾರೆ. ಆದರೆ ಹಲವರಿಗೆ ನಿಲ್ಲಲೂ ಆಗದಷ್ಟು ಸುಸ್ತು, ತಲೆಸುತ್ತು, ವಾಂತಿ ಇರುವುದು ಎಂಟು, ಒಂಬತ್ತು, ಹತ್ತನೇ ವಾರದಲ್ಲಿ. ಆಗ ನಾವು ಎಲ್ಲರಂತೆ ಜೀನ್ಸ್ ಹಾಕಿಕೊಂಡು ಗಟ್ಟಿಮುಟ್ಟಾಗಿ ಕಾಣುತ್ತೇವೆ. ಮೇಲಾಗಿ ಯಾರಿಗೂ ಹೇಳುವ ಹಾಗಿಲ್ಲ. ನಮ್ಮ ಮನೆಯಲ್ಲಿ ಆಗ ಗೊತ್ತಿದ್ದಿದ್ದು ಗಂಡನಿಗೆ, ಅಮ್ಮನಿಗೆ ಮಾತ್ರ. ತಮ್ಮನಿಗೂ ಹೇಳಿರಲಿಲ್ಲ. ಅಂದ ಮೇಲೆ ರೈಲಿನಲ್ಲಿ ಕೂತಿರುವ ಅಪರಿಚಿತನಿಗೆ ಹೇಗೆ ಹೇಳುವುದು?

ಸಿಂಗಾಪುರದವರು ಇದಕ್ಕೆ ಒಂದು ದಾರಿ ಮಾಡಿದ್ದಾರೆ. ಸ್ಟೇಷನ್ನಿನ ಗೇಟ್ ಪಕ್ಕದಲ್ಲಿ ಪ್ಯಾಸೆಂಜರ್ ಸರ್ವಿಸ್ ಸೆಂಟರ್ ಅಂತ ಗಾಜಿನ ಕೌಂಟರ್ ಇರುತ್ತದೆ. ಅಲ್ಲಿ ಕೇಳಿದರೆ ಒಂದು ಸ್ಟಿಕರ್ ಕೊಡುತ್ತಾರೆ. "ದಯವಿಟ್ಟು ನನಗೆ ಕೂರಲು ಜಾಗ ಕೊಡುತ್ತೀರಾ" ಅಂತ ಇಂಗ್ಲಿಷಿನಲ್ಲಿ ಒಂದೇ ಸಾಲು. ಹೊರಗೆ ಕಾಣದ ತೊಂದರೆ ಇರುವವರಿಗೆ ಅಂತ ಮಾಡಿದ್ದು. ಬೆನ್ನುನೋವು ಇರಬಹುದು, ಆಪರೇಷನ್ ಆಗಿರಬಹುದು, ಈಗಷ್ಟೇ ಬಸಿರಾಗಿರಬಹುದು. ವರ್ಷಗಟ್ಟಲೆ ಕಾಡುವ ಕಾಯಿಲೆ ಇರುವವರಿಗೆ ಕುತ್ತಿಗೆಗೆ ಹಾಕಿಕೊಳ್ಳುವ ಪಟ್ಟಿಯೂ ಇದೆ.

ಸೆಂಗ್‌ಕಾಂಗ್ ಸ್ಟೇಷನ್ನಿನಲ್ಲಿ ಕೌಂಟರ್‌ನಲ್ಲಿದ್ದವರು ಸ್ವಲ್ಪ ವಯಸ್ಸಾದ ಗಂಡಸು. ನನಗೆ ಕೇಳಲು ಮುಜುಗರ. ಮೆಲ್ಲಗೆ ಕೇಳಿದೆ. ಅವರು ಯಾಕೆ ಅಂತಲೂ ಕೇಳಲಿಲ್ಲ, ಡಾಕ್ಟರ್ ಚೀಟಿ ಎಲ್ಲಿ ಅಂತಲೂ ಕೇಳಲಿಲ್ಲ. ಡ್ರಾಯರ್ ಎಳೆದು ಒಂದು ಸ್ಟಿಕರ್ ತೆಗೆದು ಕೊಟ್ಟರು. ನನ್ನ ಮಗಳು ತನಗೂ ಬೇಕು ಅಂತ ಕೈ ಚಾಚಿದಳು. ಅವರು ನಕ್ಕು ಅವಳ ಅಂಗೈಗೆ ಒಂದು ಹೈಫೈವ್ ಕೊಟ್ಟರು. ನಾನು ಅದನ್ನು ಕುರ್ತಾದ ಎಡ ಭುಜದ ಕೆಳಗೆ ಅಂಟಿಸಿಕೊಂಡೆ.

ಬೆಳಗ್ಗೆ ಆಫೀಸಿನ ಹೊತ್ತು. ರೈಲು ತುಂಬಿತ್ತು. ಒಂದು ಕೈಯಲ್ಲಿ ಕಂಬ, ಇನ್ನೊಂದು ಕೈಯಲ್ಲಿ ಮಗಳು. ಹೌಗಾಂಗ್ ಸ್ಟೇಷನ್ ಬರುವ ಹೊತ್ತಿಗೆ ನನ್ನ ಹಣೆ ಬೆವರುತ್ತಿತ್ತು, ಎಸಿ ಇದ್ದರೂ. ಪಕ್ಕದಲ್ಲಿ ನಿಂತಿದ್ದ, ತಲೆಗೆ ಸ್ಕಾರ್ಫ್ ಕಟ್ಟಿದ ಮಲಯ್ ಹೆಂಗಸು ನನ್ನ ಸ್ಟಿಕರ್ ನೋಡಿದರು. ಕೂತಿದ್ದ ಹುಡುಗನ ಭುಜ ಎರಡು ಬೆರಳಿನಿಂದ ತಟ್ಟಿದರು. ಅವನು ಇಯರ್‌ಫೋನ್ ತೆಗೆದ, ಸ್ಟಿಕರ್ ನೋಡಿದ, ಎದ್ದ. ಮಾತೇ ಇಲ್ಲ. ನಾನು ಕೂತೆ, ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡೆ. ನಿಮಗೆ ಏನಾಗಿದೆ ಅಂತ ಯಾರೂ ಕೇಳಲಿಲ್ಲ. ನನಗೆ ಅಳು ಬಂದುಬಿಟ್ಟಿತು.

ಲಂಡನ್ನಿನಲ್ಲಿ 2005ರಿಂದಲೂ ಬಸಿರಿಯರಿಗೆ ಉಚಿತ ಬ್ಯಾಡ್ಜ್ ಕೊಡುತ್ತಾರೆ. ಜಪಾನಿನಲ್ಲಿ 2006ರಲ್ಲಿ ಬಂತು, ಬ್ಯಾಗಿಗೆ ನೇತುಹಾಕಿಕೊಳ್ಳುವ ಗುರುತು. ಎರಡೂ ಒಳ್ಳೆಯವೇ. ಆದರೆ ಅವನ್ನು ನೋಡಿದರೆ ಬಸಿರು ಅಂತ ಊರಿಗೆಲ್ಲ ಗೊತ್ತಾಗುತ್ತದೆ. ಸಿಂಗಾಪುರದ ಸ್ಟಿಕರ್ ಕಾರಣ ಹೇಳುವುದಿಲ್ಲ. ಇವರಿಗೆ ಕೂರಬೇಕಿದೆ ಅಂತ ಮಾತ್ರ ಹೇಳುತ್ತದೆ. ಮೂರು ತಿಂಗಳು ಬಾಯಿ ಬಿಡಬಾರದು ಅನ್ನುವ ಮನೆಯಿಂದ ಬಂದ ನನ್ನಂಥವಳಿಗೆ ಇದೇ ಸರಿ. ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ನೂರು ಜನಕ್ಕೆ ಮತ್ತೆ ಉತ್ತರ ಕೊಡುವ ಶಕ್ತಿ ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ.

ನಮ್ಮ ಬೆಂಗಳೂರಿನ ಮೆಟ್ರೋದಲ್ಲಿ ಹೇಳಿದರೆ ಜನ ಖಂಡಿತ ಜಾಗ ಬಿಡುತ್ತಾರೆ, ಆ ಮಾತು ಬೇರೆ. ಆದರೆ ಹೇಳಬೇಕು. ಹೇಳಿದ ಮೇಲೆ "ಎಷ್ಟು ತಿಂಗಳು? ಇದು ಎರಡನೇದಾ? ಒಬ್ಬಳೇ ಯಾಕೆ ಬಂದೆ?" ಅಂತ ಶುರುವಾಗುತ್ತದೆ. ಪ್ರೀತಿಯಿಂದಲೇ ಕೇಳುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೂ ನಮ್ಮ ಮೆಟ್ರೋದವರು ಇಂಥ ಒಂದು ಸ್ಟಿಕರ್ ತರಲಿ. ಖರ್ಚು ಎಷ್ಟಾದೀತು ಹೇಳಿ?

ಇನ್ನು ಮಗುವಿನ ವಿಷಯ. 90 ಸೆಂಟಿಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳಿಗೆ, ಟಿಕೆಟ್ ಇರುವ ದೊಡ್ಡವರ ಜೊತೆ ಬಂದರೆ, ಪ್ರಯಾಣ ಉಚಿತ. ನನ್ನ ಮಗಳು ಆ ಗೆರೆಯ ಕೆಳಗೇ ಇದ್ದಳು. ದೊಡ್ಡವರು ಕಾರ್ಡ್ ಮಾಡಿಸಲೇಬೇಕು ಅಂತಿಲ್ಲ, ಬ್ಯಾಂಕಿನ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಅನ್ನೇ ಗೇಟಿಗೆ ತಾಗಿಸಬಹುದು. ನಮ್ಮ ದೇಶದ ಕಾರ್ಡ್ ಆದರೆ ಬಳಸಿದ ದಿನಕ್ಕೆ ಸ್ವಲ್ಪ ಸೇವಾ ಶುಲ್ಕ ಸೇರುತ್ತದೆ. ಸ್ಟ್ರಾಲರ್ ಮಡಚದೆ ರೈಲಿನೊಳಗೆ ತಳ್ಳಿಕೊಂಡು ಹೋಗಬಹುದು. ಸ್ಟೇಷನ್ನುಗಳಲ್ಲಿ ಲಿಫ್ಟ್ ಇದೆ. ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವ ಪ್ರಸಂಗ ನನಗೆ ಬರಲೇ ಇಲ್ಲ. ಪ್ಲಾಟ್‌ಫಾರ್ಮಿನ ಅಂಚಿಗೆ ಬಾಗಿಲುಗಳಿವೆ, ರೈಲು ಬಂದು ನಿಂತ ಮೇಲೆ ಮಾತ್ರ ತೆರೆಯುತ್ತವೆ. ತಲೆ ತಿರುಗಿ ಒಂದು ಕ್ಷಣ ಕಣ್ಣು ಮುಚ್ಚಿದರೂ ಮಗು ಹಳಿಗೆ ಬೀಳುವ ಭಯವಿಲ್ಲ. ಇದರ ಬೆಲೆ ಒಂಟಿಯಾಗಿ ಮಗು ನೋಡಿಕೊಳ್ಳುವವರಿಗೆ ಗೊತ್ತು.

ಸೆಂಗ್‌ಕಾಂಗ್ ಇರುವುದು ನಾರ್ತ್ ಈಸ್ಟ್ ಲೈನ್‌ನಲ್ಲಿ. 2003ರಲ್ಲಿ ಶುರುವಾದಾಗಿನಿಂದ ಅದು ಡ್ರೈವರ್ ಇಲ್ಲದೆ ಓಡುತ್ತಿದೆ. ರೈಲಿನ ಮೂತಿಯಲ್ಲಿ ನಿಂತು ಮುಂದಿನ ಗಾಜಿನಿಂದ ಸುರಂಗ ನೋಡಬಹುದು. "ಡ್ರೈವರ್ ಮಾಮ ಎಲ್ಲಿ?" ಅಂತ ಮಗಳು ಕೇಳಿದಳು. ಮಾಮ ಇಲ್ಲ ಅಂದೆ. ಒಪ್ಪಲಿಲ್ಲ. ಪ್ರತಿ ಸ್ಟೇಷನ್ನಿನಲ್ಲೂ ಗಾಜಿಗೆ ಮುಖ ಒತ್ತಿ ಹುಡುಕಿದಳು. ಸಂಜೆ ಜನ ಕಡಿಮೆ ಇದ್ದಾಗ ನಾವು ಬೇಕಂತಲೇ ಮೊದಲ ಬೋಗಿಯಲ್ಲೇ ಹತ್ತುತ್ತಿದ್ದೆವು. ಮನರಂಜನೆಗೆ ಬೇರೆ ಟಿಕೆಟ್ ಬೇಕಾಗಲಿಲ್ಲ.

ಅರ್ಧ ಅಂಕ ಕಡಿಮೆ ಮಾಡಿದ್ದು ಯಾಕೆ ಅಂದರೆ, ರೈಲಿನಲ್ಲಿ, ಗೇಟ್ ಒಳಗಿನ ಜಾಗದಲ್ಲಿ ಏನೂ ತಿನ್ನುವ ಹಾಗಿಲ್ಲ, ಕುಡಿಯುವ ಹಾಗಿಲ್ಲ. ನೀರು ಕೂಡ. ದಂಡ 500 ಸಿಂಗಾಪುರ ಡಾಲರ್‌ವರೆಗೆ. ವಾಕರಿಕೆಗೆ ನನಗೆ ಆಗುವ ಮದ್ದು ಒಂದೇ, ಹೊಟ್ಟೆ ಖಾಲಿ ಬಿಡದೆ ಆಗಾಗ ಒಂದಿಷ್ಟು ಬಾಯಿಗೆ ಹಾಕಿಕೊಳ್ಳುವುದು. ಅದಕ್ಕೇ ಇಲ್ಲಿ ಅವಕಾಶವಿಲ್ಲ. ನಿಯಮ ಯಾಕಿದೆ ಅಂತ ಅರ್ಥವಾಗುತ್ತದೆ, ರೈಲು ಅಷ್ಟು ಶುಚಿಯಾಗಿರುವುದು ಅದರಿಂದಲೇ. ಆದರೂ ಒಂದು ಗುಟುಕು ನೀರಿಗೆ ಬಿಡಬಹುದಿತ್ತು. ನಾನು ಕಂಡುಕೊಂಡ ಉಪಾಯ ಇಷ್ಟು: ಗೇಟಿನ ಹೊರಗೇ ನಿಂತು ನಾಲ್ಕು ಬಿಸ್ಕತ್ತು ತಿನ್ನಿ, ನೀರು ಕುಡಿಯಿರಿ, ಮಗುವಿಗೂ ಕೊಡಿ, ಆಮೇಲೆ ಒಳಗೆ ಹೋಗಿ. ಒಳಗೆ ನಿಂಬೆಹಣ್ಣು ಮೂಸಬಹುದು, ಅದಕ್ಕೆ ದಂಡ ಇಲ್ಲ. ತೀರಾ ತಡೆಯಲಾಗದಿದ್ದರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದುಬಿಡಿ. ಟಾಯ್ಲೆಟ್ ಸಿಗುತ್ತದೆ, ಸ್ವಚ್ಛವಾಗಿರುತ್ತದೆ, ದುಡ್ಡು ಕೇಳುವುದಿಲ್ಲ.

ಇದೇ ನಿಯಮದ ಪಕ್ಕದಲ್ಲಿ ಇನ್ನೊಂದು ಬೋರ್ಡ್ ಇದೆ: ಡೂರಿಯನ್ ಹಣ್ಣು ತರಬೇಡಿ. ಮಾರುಕಟ್ಟೆಯಲ್ಲಿ ಆ ಹಣ್ಣಿನ ಅಂಗಡಿ ದಾಟುವಾಗ ಅದರ ಗಾಢ ವಾಸನೆಗೆ ನನಗೆ ಹೊಟ್ಟೆ ತೊಳೆಸಿ ಬಂದಿತ್ತು. ಈ ಬೋರ್ಡ್ ಹಾಕಿದವರಿಗೆ ಕೈ ಮುಗಿಯುತ್ತೇನೆ.

ಲೈನ್ ಬದಲಿಸುವಾಗ ನಡಿಗೆ ಜಾಸ್ತಿ. ಡೋಬಿ ಘಾಟ್, ಸೆರಂಗೂನ್‌ನಂಥ ದೊಡ್ಡ ಸ್ಟೇಷನ್ನುಗಳಲ್ಲಿ ಒಂದು ಲೈನಿನಿಂದ ಇನ್ನೊಂದಕ್ಕೆ ಹೋಗುವುದರಲ್ಲೇ ಸಾಕಾಗುತ್ತದೆ. ಮ್ಯಾಪ್ ಆಪ್ ತೋರಿಸುವ ಬೇಗನೆಯ ದಾರಿ ಬಿಟ್ಟು, ಲೈನ್ ಬದಲಾವಣೆ ಕಡಿಮೆ ಇರುವ ದಾರಿ ಆರಿಸಿ. ಐದು ನಿಮಿಷ ತಡವಾದರೆ ಏನಂತೆ?

ಸೆಂಗ್‌ಕಾಂಗ್‌ನಿಂದ ಲಿಟಲ್ ಇಂಡಿಯಾಕ್ಕೆ ಬದಲಾವಣೆಯೇ ಇಲ್ಲ, ಅದೇ ಲೈನ್. ನಾನು ಜಾಸ್ತಿ ಹೋಗಿದ್ದು ಅಲ್ಲಿಗೇ. ಸೆರಂಗೂನ್ ರಸ್ತೆಯಲ್ಲಿ 1947ರಿಂದ ಇರುವ ಕೋಮಳ ವಿಲಾಸ್ ಇದೆ, ಪೂರ್ತಿ ಸಸ್ಯಾಹಾರಿ. ದೋಸೆಗೆ ಹೆಸರಾದ ಜಾಗ. ನನಗೆ ಆಗ ಕಾದ ಎಣ್ಣೆಯ ವಾಸನೆ ಆಗುತ್ತಿರಲಿಲ್ಲ, ಹಾಗಾಗಿ ಅನ್ನ, ಮೊಸರು, ಉಪ್ಪಿನಕಾಯಿ. ತಟ್ಟೆ ಖಾಲಿ ಮಾಡಿದೆ. ಮಗಳು ಪೂರಿ ಊದಿಕೊಂಡು ಬಂದಿದ್ದನ್ನು ಬೆರಳಿನಿಂದ ಚುಚ್ಚಿ ಚುಚ್ಚಿ ತಿಂದಳು.

ಲಿಟಲ್ ಇಂಡಿಯಾ ಸ್ಟೇಷನ್ ಹತ್ತಿರವೇ ಕೆಕೆ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ. 1966ರಲ್ಲಿ ಆ ಒಂದೇ ಆಸ್ಪತ್ರೆಯಲ್ಲಿ 39,835 ಹೆರಿಗೆಗಳಾಗಿ ಗಿನ್ನೆಸ್ ದಾಖಲೆ ಸೇರಿತ್ತು. ಬಸಿರಿಯರಿಗೂ ಮಕ್ಕಳಿಗೂ ಒಂದೇ ಜಾಗದಲ್ಲಿ ತುರ್ತು ಚಿಕಿತ್ಸೆ ಸಿಗುತ್ತದೆ. ನನಗೆ ಹೋಗುವ ಅಗತ್ಯ ಬೀಳಲಿಲ್ಲ. ಆದರೆ ವಿಳಾಸ, ಆಂಬುಲೆನ್ಸಿನ 995 ನಂಬರ್ ಎರಡನ್ನೂ ಫೋನಿನಲ್ಲಿ ಹಾಕಿಕೊಂಡಿದ್ದೆ. ರಕ್ತ ಕಂಡರೆ, ಹೊಟ್ಟೆ ಹಿಂಡಿದರೆ, ಕುಡಿದ ನೀರೂ ನಿಲ್ಲದಿದ್ದರೆ ಕಾಯಬೇಡಿ ಅಂತ ಡಾಕ್ಟರ್ ಹೇಳಿದ್ದರು.

ಇಲ್ಲೇ ಇನ್ಶೂರೆನ್ಸ್ ಬಗ್ಗೆ ಹೇಳಿಬಿಡುತ್ತೇನೆ. ಹೊರಡುವ ಮೊದಲು ಒಂದು ಕಂಪನಿಗೆ ಫೋನ್ ಮಾಡಿ ಬಸಿರು ಅಂತ ಸ್ಪಷ್ಟವಾಗಿ ಹೇಳಿದ್ದೆ. "ಎಲ್ಲಾ ಕವರ್ ಆಗುತ್ತೆ ಮೇಡಂ" ಅಂದರು. ಪಾಲಿಸಿ ಬಂದ ಮೇಲೆ ಓದಿದರೆ, ಬಸಿರಿಗೆ ಸಂಬಂಧಿಸಿದ ಯಾವ ಖರ್ಚೂ ಸೇರಿಲ್ಲ ಅಂತ ಸಣ್ಣ ಅಕ್ಷರದಲ್ಲಿ ಇತ್ತು. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಅದನ್ನು ಕ್ಯಾನ್ಸಲ್ ಮಾಡಿ, ಬಸಿರಿನ ತೊಡಕುಗಳಿಗೆ ದುಡ್ಡು ಕೊಡುವುದಾಗಿ ಬರವಣಿಗೆಯಲ್ಲೇ ಇರುವ ಬೇರೆ ಪಾಲಿಸಿ ತೆಗೆದುಕೊಂಡೆವು. ಫೋನಿನ ಮಾತು ನಂಬಬೇಡಿ, ಆ ಪುಟ ಓದಿ.

ರೈಲು ಬೇಡ ಅನಿಸಿದ ದಿನ ಕಾರು ಕರೆಯುವ ಮುಂಚೆ ಒಂದು ತಿಳಿದಿರಲಿ. ಅಲ್ಲಿ 1.35 ಮೀಟರ್‌ಗಿಂತ ಗಿಡ್ಡ ಇರುವ ಮಕ್ಕಳಿಗೆ ಆಪ್ ಕಾರಿನಲ್ಲಿ ಚೈಲ್ಡ್ ಸೀಟ್ ಕಡ್ಡಾಯ. ಸಾದಾ ಕಾರು ಬುಕ್ ಮಾಡಿದರೆ ಡ್ರೈವರ್ ಹತ್ತಿಸಿಕೊಳ್ಳುವುದಿಲ್ಲ, ಅವರದು ತಪ್ಪಲ್ಲ. ಚೈಲ್ಡ್ ಸೀಟ್ ಇರುವ ಕಾರನ್ನು ಗ್ರ್ಯಾಬ್ ಅನ್ನುವ ಅಲ್ಲಿನ ಕಾರು ಆಪ್‌ನಲ್ಲಿ ಬೇರೆಯಾಗಿ ಆರಿಸಬಹುದು. ರಸ್ತೆಯಲ್ಲಿ ಕೈ ತೋರಿಸಿ ನಿಲ್ಲಿಸುವ ಟ್ಯಾಕ್ಸಿಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ. ಆದರೂ ಮಗುವಿನ ಸುರಕ್ಷತೆಗೆ ಸೀಟ್ ಇರುವ ಕಾರೇ ಒಳ್ಳೆಯದು, ನಾವು ಅದನ್ನೇ ಕರೆದೆವು.

ನೋಡುವ ಜಾಗಗಳ ಪೈಕಿ ಹೋಗಿದ್ದು ಗಾರ್ಡನ್ಸ್ ಬೈ ದ ಬೇ ಮಾತ್ರ. ಚೈನಾಟೌನ್‌ನಲ್ಲಿ ಒಂದು ಸಲ ಲೈನ್ ಬದಲಿಸಿದರೆ ಬೇಫ್ರಂಟ್ ಸ್ಟೇಷನ್. ಕ್ಲೌಡ್ ಫಾರೆಸ್ಟ್ ಅನ್ನುವ ಗಾಜಿನ ಮನೆಯೊಳಗೆ 35 ಮೀಟರ್ ಎತ್ತರದ ಜಲಪಾತ, ಮಂಜಿನ ತಂಪು. ಹೊರಗಿನ ಸೆಕೆಯಿಂದ ಬಂದವಳಿಗೆ ವಾಕರಿಕೆಯೇ ಮರೆತುಹೋಯಿತು. ಒಂದು ಶಾಲು ಇಟ್ಟುಕೊಂಡು ಹೋಗಿ. ಜೂ ಬಿಟ್ಟುಬಿಟ್ಟೆ. ಆ ಬಿಸಿಲಿನಲ್ಲಿ ಮಗುವಿನ ಹಿಂದೆ ಓಡುವುದು ಈ ತಿಂಗಳುಗಳಲ್ಲಿ ಬೇಡ. ಸೊಳ್ಳೆಗೆ ಹಚ್ಚುವ ಕ್ರೀಮ್ ಮಾತ್ರ ಮರೆಯಬೇಡಿ, ಅಲ್ಲೂ ಡೆಂಗಿ ಇದೆ. ಯಾವುದು ಹಚ್ಚಬಹುದು ಅಂತ ನಿಮ್ಮ ಡಾಕ್ಟರನ್ನು ಕೇಳಿಕೊಂಡೇ ಹೊರಡಿ.

ಸ್ಟಿಕರ್ ಕೇಳಲು ನಾಚಿಕೆ ಪಡಬೇಡಿ. ಸಿಂಗಾಪುರದಲ್ಲಿ ಇಳಿದ ಮೇಲೆ ಹತ್ತುವ ಮೊದಲ ಸ್ಟೇಷನ್ನಿನಲ್ಲೇ ಕೇಳಿ. ಬ್ಯಾಗಿಗೆ ಬೇಡ, ಎದೆಯ ಮಟ್ಟದಲ್ಲಿ ಅಂಟಿಸಿಕೊಳ್ಳಿ, ಕೂತವರ ಕಣ್ಣಿಗೆ ಬೀಳಬೇಕು. ಸುಮಾರು ಜನ ಫೋನಿನಲ್ಲಿ ಮುಳುಗಿರುತ್ತಾರೆ. ಹಾಗಾಗಿ ಬಾಗಿಲ ಪಕ್ಕದ ಮೀಸಲು ಸೀಟಿನ ಎದುರಿಗೇ ಹೋಗಿ ನಿಲ್ಲಿ.