ಸಂಜೆ ಕ್ಲಾಸ್ ಭರ್ಜರಿ, ನೋಟ್ಸ್ ಮಾತ್ರ ಹಳೇದು

ಕಾರವಾರದಲ್ಲಿ ಕೆಎಎಸ್, ಐಎಎಸ್‌ಗೆ ಓದುವವರಿಗೆ ಒಂದು ಸಂಜೆ ಕೋಚಿಂಗ್ ಇದೆ. ಹೆಸರು ಬೇಡ ಬಿಡಿ. ಅಂತರರಾಷ್ಟ್ರೀಯ ಸಂಬಂಧಗಳ ಪಾಠ ನಿಜಕ್ಕೂ ಚೆನ್ನಾಗಿದೆ. 2023ರ ನವೆಂಬರ್‌ನಿಂದ ಯೆಮನ್‌ನ ಹೌತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರು ಮಾಡಿದ್ದು, ಎಷ್ಟೋ ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು ಇಡೀ ಆಫ್ರಿಕಾ ಸುತ್ತಿ ಹೋಗಿದ್ದು, ಅದರಿಂದ ಸಾಗಣೆ ಖರ್ಚು ಏರಿದ್ದು, ಕೊನೆಗೆ 2025ರ ಏಪ್ರಿಲ್‌ನಲ್ಲಿ ಒಂಬತ್ತು ಮಿತ್ರದೇಶಗಳ ನೌಕಾ ಸಿಬ್ಬಂದಿಯನ್ನು ಹತ್ತಿಸಿಕೊಂಡು ನೌಕಾಪಡೆಯ ಹಡಗು ಐಎನ್‌ಎಸ್ ಸುನಯನಾ ನಮ್ಮ ಕಾರವಾರದಿಂದಲೇ ಹೊರಟಿದ್ದು, ಎಲ್ಲವನ್ನೂ ಸರ್ ಒಂದೇ ದಾರಕ್ಕೆ ಪೋಣಿಸಿದರು. ಇಲ್ಲಿನವರಿಗೆ ನೌಕಾನೆಲೆ ಅಂದರೆ ಸುಮ್ನೆ ಕಾಂಪೌಂಡ್ ಗೋಡೆ ಅಲ್ವಾ, ಅದರಾಚೆ ಏನಿದೆ ಅಂತ ಯಾರು ಹೇಳುತ್ತಾರೆ?

ಚುನಾವಣಾ ಪದ್ಧತಿಗಳ ಹೋಲಿಕೆಯೂ ಇಷ್ಟವಾಯಿತು. ಬ್ರಿಟನ್‌ನಲ್ಲಿ 2024ರಲ್ಲಿ ಲೇಬರ್ ಪಕ್ಷಕ್ಕೆ ಬಂದಿದ್ದು ಸುಮಾರು ಶೇ 34 ಮತ, ಸೀಟು ಮಾತ್ರ ಶೇ 60ಕ್ಕಿಂತ ಜಾಸ್ತಿ!

ಬೇಜಾರು ನೋಟ್ಸ್‌ದು. ಅದರಲ್ಲಿ ಭಾರತ, ಚೀನಾ, ರಷ್ಯಾ ಮುಂತಾದವುಗಳ ಕೂಟವಾದ ಬ್ರಿಕ್ಸ್ ಇನ್ನೂ ಐದೇ ದೇಶ. ಈಜಿಪ್ಟ್, ಇಥಿಯೋಪಿಯಾ, ಇರಾನ್, ಯುಎಇ 2024ರಲ್ಲೇ ಸೇರಿವೆ, 2025ರಲ್ಲಿ ಇಂಡೋನೇಷ್ಯಾ ಕೂಡ. ಅಮೆರಿಕ, ಯುರೋಪ್ ದೇಶಗಳ ಸೇನಾ ಕೂಟ ನೇಟೋದ ಪಟ್ಟಿಯಲ್ಲಿ, 2024ರಲ್ಲೇ ಸೇರಿದ ಸ್ವೀಡನ್ ಇಲ್ಲವೇ ಇಲ್ಲ. ಈ ನೋಟ್ಸಿಗೆ ಪ್ರತ್ಯೇಕ ದುಡ್ಡು ಬೇರೆ! ಕ್ಲಾಸಿಗೆ ನಾಲ್ಕು ಸ್ಟಾರ್, ನೋಟ್ಸಿಗೆ ಒಂದು. ಶಿರಸಿ ಕಡೆಯಿಂದ ಬರುವವರು ವಾಪಸ್ ಬಸ್ಸಿನ ಸಮಯ ನೋಡಿಕೊಂಡೇ ಫೀಸ್ ಕಟ್ಟಿ.